ಕಲ್ಲಿದ್ದಲು ನಿಲ್ಲಿಸಿದರೆ ರಾತ್ರಿ ಕರೆಂಟ್ ಎಲ್ಲಿಂದ?

ಪ್ರಶ್ನೆ: ನಮ್ಮ ಗೆಳೆಯರ ಗುಂಪಿನಲ್ಲಿ ಹವಾಮಾನ ಬದಲಾವಣೆಯ ಮಾತು ಬಂದರೆ ಸಾಕು, ಜಗಳ ಶುರು. ಒಬ್ಬ "ಭೂಮಿಯ ಹವೆ ಯಾವತ್ತೂ ಬದಲಾಗುತ್ತಲೇ ಇತ್ತು, ಇದೆಲ್ಲ ಸುಮ್ನೆ ಹೆದರಿಸೋದು" ಅನ್ನುತ್ತಾನೆ. ಇನ್ನೊಬ್ಬಳು "ಕಲ್ಲಿದ್ದಲು ಸ್ಥಾವರಗಳನ್ನೆಲ್ಲ ನಾಳೆಯೇ ಮುಚ್ಚಬೇಕು" ಅನ್ನುತ್ತಾಳೆ. ನಾನು ಮಧ್ಯೆ ಸಿಕ್ಕಿಹಾಕಿಕೊಂಡಿದ್ದೇನೆ. ಸೋಲಾರ್ ಅಷ್ಟೊಂದು ಅಗ್ಗವಾಗಿದ್ದರೆ ಬಿಲ್ ಯಾಕೆ ಇಳಿಯುತ್ತಿಲ್ಲ? ಅಣು ವಿದ್ಯುತ್ ಬೇಕಾ, ಬೇಡ್ವಾ? ಒಂದು ದೇಶ ಮಾತ್ರ ಕಷ್ಟಪಟ್ಟರೆ ಏನು ಪ್ರಯೋಜನ? ಸ್ವಲ್ಪ ಬಿಡಿಸಿ ಹೇಳಿ.

ಉತ್ತರ: ನಿಮ್ಮ ಗೆಳೆಯರಿಬ್ಬರೂ ಒಂದೇ ವಿಷಯಕ್ಕೆ ಜಗಳ ಆಡುತ್ತಿಲ್ಲ. ಅವನು ಮಾತಾಡುತ್ತಿರುವುದು ವಿಜ್ಞಾನದ ಬಗ್ಗೆ, ಅವಳು ಮಾತಾಡುತ್ತಿರುವುದು ಏನು ಮಾಡಬೇಕು ಅನ್ನುವುದರ ಬಗ್ಗೆ. ನನ್ನ ಅನುಮಾನ ಏನೆಂದರೆ, ಅವನಿಗೆ ಅವಳ ಪರಿಹಾರ ಇಷ್ಟವಿಲ್ಲ, ಅದಕ್ಕೇ ಕಾಯಿಲೆಯೇ ಇಲ್ಲ ಅನ್ನುತ್ತಿದ್ದಾನೆ. ಅವಳಿಗೆ ಕಾಯಿಲೆ ಇರುವುದು ಖಚಿತ, ಅದಕ್ಕೆ ಔಷಧಿಯ ಬಗ್ಗೆಯೂ ಅಷ್ಟೇ ಖಚಿತ. ಈ ಎರಡನ್ನೂ ಬೇರೆ ಬೇರೆ ಮಾಡಿಬಿಟ್ಟರೆ ಜಗಳ ಅರ್ಧ ತಣ್ಣಗಾಗುತ್ತದೆ.

ವಿಜ್ಞಾನದ ಭಾಗ ಬೇಗ ಮುಗಿಸುತ್ತೇನೆ. ಅಲ್ಲಿ ವಾದಕ್ಕೆ ಉಳಿದಿರುವುದು ಕಡಿಮೆ. ಇಂಗಾಲದ ಡೈಆಕ್ಸೈಡ್ ತುಂಬಿದ ಗಾಜಿನ ಕೊಳವೆ ಬಿಸಿಲಲ್ಲಿ ಬರೀ ಗಾಳಿ ತುಂಬಿದ್ದಕ್ಕಿಂತ ಜಾಸ್ತಿ ಕಾಯುತ್ತದೆ ಎಂದು ಯೂನಿಸ್ ಫೂಟ್ ಎಂಬ ಅಮೆರಿಕದ ಮಹಿಳೆ 1856ರಲ್ಲಿ ತೋರಿಸಿದರು. ಈ ಅನಿಲ ಶಾಖವನ್ನು ಹೇಗೆ ಹೀರುತ್ತದೆ ಎಂದು ಜಾನ್ ಟಿಂಡಾಲ್ 1859ರಲ್ಲಿ ಅಳೆದರು. ಗಾಳಿಯಲ್ಲಿ ಅದು ಎರಡು ಪಟ್ಟಾದರೆ ಭೂಮಿ ಎಷ್ಟು ಬಿಸಿಯಾದೀತು ಎಂದು ಸ್ವೀಡನ್ನಿನ ಸ್ವಾಂತೆ ಅರೇನಿಯಸ್ 1896ರಲ್ಲಿ ಕೈಯಲ್ಲೇ ಲೆಕ್ಕ ಹಾಕಿದರು. ಆಗ ಸೋಲಾರ್ ಕಂಪನಿಗಳೂ ಇರಲಿಲ್ಲ, ಪರಿಸರ ಪಕ್ಷಗಳೂ ಇರಲಿಲ್ಲ.

1958ರಲ್ಲಿ ಚಾರ್ಲ್ಸ್ ಕೀಲಿಂಗ್ ಹವಾಯಿಯ ಮೌನಾ ಲೋವಾ ಬೆಟ್ಟದ ಮೇಲೆ ಗಾಳಿಯನ್ನು ಅಳೆಯಲು ಶುರು ಮಾಡಿದಾಗ ಈ ಅನಿಲ ಹತ್ತು ಲಕ್ಷ ಭಾಗಕ್ಕೆ ಸುಮಾರು 315 ಭಾಗ ಇತ್ತು. ಈಗ 420 ದಾಟಿದೆ. ಆ ಗ್ರಾಫನ್ನು ಒಮ್ಮೆ ಹತ್ತಿರದಿಂದ ನೋಡಿ. ಅದು ನೇರ ಗೆರೆ ಅಲ್ಲ, ಗರಗಸದ ಹಲ್ಲು. ಉತ್ತರಾರ್ಧ ಗೋಳದಲ್ಲಿ ಗಿಡಮರ ಚಿಗುರಿ ಬೆಳೆಯುವ ತಿಂಗಳುಗಳಲ್ಲಿ ಇಳಿಯುತ್ತದೆ, ಎಲೆ ಉದುರಿದ ಮೇಲೆ ಏರುತ್ತದೆ. ಇಡೀ ಭೂಮಿ ಉಸಿರಾಡಿದ್ದು ಕಾಗದದ ಮೇಲೆ ಬಿದ್ದಂತಿದೆ. ಆದರೆ ಪ್ರತಿ ವರ್ಷದ ತುದಿಯೂ ಹಿಂದಿನ ವರ್ಷದ್ದಕ್ಕಿಂತ ಮೇಲೆ.

"ಹವೆ ಯಾವತ್ತೂ ಬದಲಾಗುತ್ತಿತ್ತು" ಅನ್ನುವುದು ನಿಜವೇ. ಆದರೆ ಕಾಡಿಗೆ ಸಿಡಿಲಿನಿಂದ ಯಾವತ್ತೂ ಬೆಂಕಿ ಬೀಳುತ್ತಿತ್ತು ಅಂದ ಮಾತ್ರಕ್ಕೆ ಈ ಸಲ ಬೆಂಕಿ ಹಚ್ಚಿದವರು ಯಾರೂ ಇಲ್ಲ ಅಂತ ಆಗುವುದಿಲ್ಲ, ಅಲ್ವಾ? ಗುರುತು ನೋಡಬೇಕು. ಸೂರ್ಯನೇ ಕಾರಣವಾಗಿದ್ದರೆ ವಾತಾವರಣದ ಮೇಲಿನ ಪದರವೂ ಬಿಸಿಯಾಗಬೇಕಿತ್ತು. ಅದು ತಣ್ಣಗಾಗುತ್ತಿದೆ. ಉಪಗ್ರಹಗಳು 1978ರಿಂದ ಸೂರ್ಯನ ಶಕ್ತಿ ಅಳೆಯುತ್ತಿವೆ, ಅದು ಏರಿಲ್ಲ. ಗಾಳಿಯಲ್ಲಿರುವ ಇಂಗಾಲದ ಐಸೊಟೋಪುಗಳ (ಒಂದೇ ಇಂಗಾಲದ ತೂಕ ಬೇರೆಯಾದ ರೂಪಗಳ) ಪ್ರಮಾಣವೂ ನೆಲದಡಿಯ ಹಳೆಯ ಇಂಧನದ ಕಡೆಗೇ ಬೆರಳು ತೋರಿಸುತ್ತದೆ.

ಇಷ್ಟು ಗಟ್ಟಿ. ಇನ್ನು ಪ್ರಾಮಾಣಿಕ ಅನುಮಾನಕ್ಕೆ ಜಾಗ ಇರುವುದು ಎಲ್ಲಿ? ಇಂಗಾಲದ ಡೈಆಕ್ಸೈಡ್ ದುಪ್ಪಟ್ಟಾದರೆ ಕೊನೆಗೆ ಎಷ್ಟು ಬಿಸಿ ಏರುತ್ತದೆ ಅನ್ನುವಲ್ಲಿ. ವಿಶ್ವಸಂಸ್ಥೆಯ ಹವಾಮಾನ ವಿಜ್ಞಾನ ಸಮಿತಿಯಾದ ಐಪಿಸಿಸಿಯ 2021ರ ವರದಿ 3 ಡಿಗ್ರಿ ಅನ್ನುತ್ತದೆ, ಆದರೆ 2.5ರಿಂದ 4ರವರೆಗೆ ಎಲ್ಲಿ ಬೇಕಾದರೂ ಇರಬಹುದು ಅಂತಲೂ ಹೇಳುತ್ತದೆ. 2.5ರ ಜಗತ್ತಿಗೂ 4ರ ಜಗತ್ತಿಗೂ ಅಜಗಜಾಂತರ. ಇದನ್ನು ಕೇಳಿ ಕೆಲವರು "ನೋಡಿ, ಅವರಿಗೇ ಗೊತ್ತಿಲ್ಲ" ಎಂದು ನಿರಾಳವಾಗುತ್ತಾರೆ. ನನಗಂತೂ ಅದು ನಿರಾಳವಾಗುವ ಸುದ್ದಿ ಅನಿಸುವುದಿಲ್ಲ.

ಇನ್ನೊಂದು ಮಾತು, ಇದು ನಿಮ್ಮ ಗೆಳತಿಗೆ. ಇಂಥ ವರ್ಷದೊಳಗೆ ನಿಲ್ಲಿಸದಿದ್ದರೆ ಎಲ್ಲ ಮುಗಿಯಿತು ಅನ್ನುವ ಗಡುವು ಪ್ರಕೃತಿಯಲ್ಲಿ ಇಲ್ಲ. ನಾವು ಬಿಡುವ ಅನಿಲದಲ್ಲಿ ಹೆಚ್ಚುಕಡಿಮೆ ಅರ್ಧವನ್ನು ಕಡಲು ಮತ್ತು ನೆಲ ಹೀರಿಕೊಳ್ಳುತ್ತವೆ. ಉಳಿದದ್ದರಲ್ಲಿ ಒಂದು ಪಾಲು ಸಾವಿರಾರು ವರ್ಷ ಮೇಲೆಯೇ ಇರುತ್ತದೆ. ಹಾಗಾಗಿ ಮುಖ್ಯವಾಗುವುದು ಒಟ್ಟು ಮೊತ್ತ. 2024ರಲ್ಲಿ ಜಗತ್ತಿನ ಸರಾಸರಿ ತಾಪ ಕೈಗಾರಿಕೆಗೆ ಮುಂಚಿನ ಕಾಲಕ್ಕಿಂತ ಸುಮಾರು 1.55 ಡಿಗ್ರಿ ಮೇಲಿತ್ತು. ಅದರ ಮಾರನೆಯ ದಿನ ಪ್ರಪಂಚ ಮುಳುಗಲಿಲ್ಲ. ಆದರೆ ಮೇಲೆ ಸೇರುವ ಒಂದೊಂದು ದಶಾಂಶಕ್ಕೂ ಬೆಲೆ ತೆರಬೇಕು.

ಈಗ ನಿಜವಾದ ಚರ್ಚೆಗೆ ಬರೋಣ. ಒಂದು ಯೂನಿಟ್ ಕರೆಂಟಿಗೆ, ಸ್ಥಾವರ ಕಟ್ಟುವುದರಿಂದ ಕೆಡವುವವರೆಗೆ ಎಲ್ಲ ಸೇರಿಸಿ, ಕಲ್ಲಿದ್ದಲಿನಿಂದ ಸುಮಾರು 820 ಗ್ರಾಂ ಇಂಗಾಲದ ಡೈಆಕ್ಸೈಡ್ ಬರುತ್ತದೆ. ನೈಸರ್ಗಿಕ ಅನಿಲ ಉರಿಸುವ ಸ್ಥಾವರದಿಂದ ಸುಮಾರು 490. ಸೋಲಾರ್ 40ರಿಂದ 50ರ ಆಸುಪಾಸು. ಗಾಳಿ ಮತ್ತು ಅಣು ವಿದ್ಯುತ್ ಎರಡೂ ಸುಮಾರು 12. ಐಪಿಸಿಸಿ 2014ರಲ್ಲಿ ಕೊಟ್ಟ ಲೆಕ್ಕ ಇದು. ಪಟ್ಟಿ ನೋಡಿದರೆ ನಿಮ್ಮ ಗೆಳತಿ ಗೆದ್ದಳು. ಆದರೆ ಈ ಪಟ್ಟಿಯಲ್ಲಿ ಒಂದು ಕಾಲಂ ಇಲ್ಲ: ಆ ಯೂನಿಟ್ ಎಷ್ಟು ಹೊತ್ತಿಗೆ ಸಿಗುತ್ತದೆ? ನನ್ನನ್ನು ಕೇಳಿದರೆ ಇಂಧನ ನೀತಿಯ ಅರ್ಧಕ್ಕರ್ಧ ಕಷ್ಟ ಇರುವುದು ಆ ಕಾಲಂನಲ್ಲೇ.

ಸೋಲಾರ್ ಜಾಸ್ತಿ ಇರುವ ಒಂದು ವಿದ್ಯುತ್ ಜಾಲದಲ್ಲಿ, ಅಂದರೆ ಗ್ರಿಡ್‌ನಲ್ಲಿ ಒಂದು ದಿನ ಹೇಗೆ ಕಳೆಯುತ್ತದೆ ಎಂದು ನೋಡಿ. ಗ್ರಿಡ್‌ನಲ್ಲಿ ಹಾಕಿದ್ದು ಮತ್ತು ತೆಗೆದದ್ದು ಪ್ರತಿ ಕ್ಷಣ ಸಮ ಇರಬೇಕು. ಇಲ್ಲದಿದ್ದರೆ ಫ್ರೀಕ್ವೆನ್ಸಿ, ಅಂದರೆ ಕರೆಂಟ್ ಸೆಕೆಂಡಿಗೆ ಎಷ್ಟು ಸಲ ಮಿಡಿಯುತ್ತದೆ ಅನ್ನುವ ಲೆಕ್ಕ, 50ರಿಂದ ಅಲ್ಲಾಡುತ್ತದೆ (ಕೆಲವು ದೇಶಗಳಲ್ಲಿ 60), ಜಾಸ್ತಿ ಅಲ್ಲಾಡಿದರೆ ಯಂತ್ರಗಳು ತಾವಾಗಿಯೇ ಕಳಚಿಕೊಳ್ಳುತ್ತವೆ. ಬೆಳಿಗ್ಗೆ ಬಿಸಿಲೇರಿದಂತೆ ಸೋಲಾರ್ ಏರಲು ಶುರು. ಕಂಟ್ರೋಲ್ ರೂಮಿನವರು ಕಲ್ಲಿದ್ದಲು ಸ್ಥಾವರಗಳಿಗೆ "ಇಳಿಸಿ, ಇಳಿಸಿ" ಅನ್ನುತ್ತಾರೆ. ಆದರೆ ಬಾಯ್ಲರ್ ಅಂದರೆ ಮನೆಯ ಸ್ವಿಚ್ ಅಲ್ಲ. ಬಹಳಷ್ಟು ಸ್ಥಾವರಗಳು ತಮ್ಮ ಸಾಮರ್ಥ್ಯದ ಶೇ 40-50ಕ್ಕಿಂತ ಕೆಳಗೆ ಹೋದರೆ ಬೆಂಕಿ ಸ್ಥಿರವಾಗಿ ಉರಿಯುವುದಿಲ್ಲ. ಪೂರ್ತಿ ಆರಿಸಿ ತಣ್ಣಗಾಗಲು ಬಿಟ್ಟರೆ ಮತ್ತೆ ಹೊತ್ತಿಸಿ ಲೋಡ್ ಕೊಡಲು ಅರ್ಧ ದಿನವೇ ಬೇಕಾದೀತು. ಸಂಜೆಗೆ ಅವು ಬೇಕೇ ಬೇಕು, ಆದ್ದರಿಂದ ಮಧ್ಯಾಹ್ನವೂ ಉರಿಯುತ್ತಲೇ ಇರಬೇಕು. ಆಗ ಕರೆಂಟ್ ಹೆಚ್ಚಾಗಿ, ಸಗಟು ಬೆಲೆ ಸೊನ್ನೆಗೆ ಇಳಿಯುತ್ತದೆ, ಕೆಲವು ಮಾರುಕಟ್ಟೆಗಳಲ್ಲಿ ಸೊನ್ನೆಗಿಂತಲೂ ಕೆಳಗೆ. ಒಳ್ಳೆಯ ಬಿಸಿಲಿನಲ್ಲೇ ಸೋಲಾರ್ ಪ್ಲಾಂಟಿಗೆ "ಸಾಕು, ನಿಲ್ಲಿಸಿ" ಎಂಬ ಆದೇಶ ಬರುತ್ತದೆ.

ಸಂಜೆ ಐದರ ಮೇಲೆ ಎಲ್ಲ ತಿರುಗುಮುರುಗು. ಎರಡು-ಮೂರು ಗಂಟೆಯಲ್ಲಿ ಸೋಲಾರ್ ಪೂರ್ತಿ ಮಾಯ. ಅದೇ ಹೊತ್ತಿಗೆ ಜನ ಮನೆಗೆ ಬಂದು ಲೈಟು, ಎಸಿ, ಒಲೆ ಹಾಕುತ್ತಾರೆ. ಬಾಕಿ ಎಲ್ಲ ಯಂತ್ರಗಳೂ ಒಟ್ಟಿಗೆ ಏರಬೇಕು. ಈ ಹೊತ್ತಿನ ಒಂದು ಯೂನಿಟ್ಟೂ ಮಧ್ಯಾಹ್ನದ ಒಂದು ಯೂನಿಟ್ಟೂ ಒಂದೇ ಸರಕಲ್ಲ.

ಹತ್ತು ವರ್ಷದ ಹಿಂದೆ ಈ ಮಾತು ಹೇಳಿ ವಾದ ಮುಗಿಸಿಬಿಡಬಹುದಿತ್ತು. ಈಗ ಆಗುವುದಿಲ್ಲ. ದಕ್ಷಿಣ ಆಸ್ಟ್ರೇಲಿಯಾದಲ್ಲಿ 2017ರಲ್ಲಿ 100 ಮೆಗಾವ್ಯಾಟ್‌ನ ಬ್ಯಾಟರಿ ಹಾಕಿದಾಗ ಲಿಥಿಯಂ ಬ್ಯಾಟರಿಗಳಲ್ಲಿ ಜಗತ್ತಿಗೇ ದೊಡ್ಡದು ಅದು. ಬಹಳ ಜನ ನಕ್ಕರು. 2024ರ ಹೊತ್ತಿಗೆ ಕ್ಯಾಲಿಫೋರ್ನಿಯಾ ಒಂದರಲ್ಲೇ 10,000 ಮೆಗಾವ್ಯಾಟ್ ದಾಟಿತು. ಆ ವರ್ಷದ ಏಪ್ರಿಲ್‌ನ ಒಂದು ಸಂಜೆ ಸ್ವಲ್ಪ ಹೊತ್ತು ಅಲ್ಲಿನ ಗ್ರಿಡ್‌ಗೆ ಎಲ್ಲಕ್ಕಿಂತ ಜಾಸ್ತಿ ಕರೆಂಟ್ ಕೊಟ್ಟಿದ್ದು ಬ್ಯಾಟರಿಯೇ. ಅಂದರೆ ಮಧ್ಯಾಹ್ನದ್ದನ್ನು ಸಂಜೆಗೆ ಸಾಗಿಸುವ ನಾಲ್ಕು ಗಂಟೆಯ ಸಮಸ್ಯೆಗೆ ಉತ್ತರ ಸಿಕ್ಕಿದೆ. ಅದು ಇನ್ನೂ ಎಲ್ಲರ ಕೈಗೆ ಎಟುಕುವ ಬೆಲೆಗೆ ಬಂದಿಲ್ಲ, ಆದರೆ ಆ ಕಡೆಗೇ ಹೋಗುತ್ತಿದೆ.

ಸಿಗದಿರುವುದು ನಾಲ್ಕು ದಿನದ ಸಮಸ್ಯೆಗೆ. 2024ರ ನವೆಂಬರ್ ಮತ್ತು ಡಿಸೆಂಬರ್‌ನಲ್ಲಿ ಜರ್ಮನಿಯಲ್ಲಿ ಮೋಡ ಕವಿದು ಗಾಳಿಯೂ ನಿಂತಿತು. ಗಾಳಿ ಗಿರಣಿಗಳೂ ಸೋಲಾರೂ ಒಟ್ಟಿಗೆ ಕೈಕೊಟ್ಟವು, ಸಗಟು ಬೆಲೆ ಗಗನಕ್ಕೇರಿತು. ಅಂಥ ವಾರದಲ್ಲಿ ಬ್ಯಾಟರಿ ಮೊದಲ ರಾತ್ರಿಯೇ ಖಾಲಿ. ಅಲ್ಲಿ ಬೇಕಾಗುವುದು ಅಣೆಕಟ್ಟಿನ ನೀರು, ನೀರನ್ನು ಮೇಲಕ್ಕೆ ಪಂಪ್ ಮಾಡಿ ಇಟ್ಟುಕೊಳ್ಳುವ ಜಲಾಶಯ, ದೂರದ ಊರುಗಳಿಂದ ಕರೆಂಟ್ ತರುವ ದೊಡ್ಡ ಲೈನ್, ಅಣು ಸ್ಥಾವರ, ಇಲ್ಲವೇ ವರ್ಷಕ್ಕೆ ಕೆಲವೇ ದಿನ ಉರಿಸುವ ಅನಿಲ ಸ್ಥಾವರ. ಹೈಡ್ರೋಜನ್ ಅಂತ ಹೇಳುವವರೂ ಇದ್ದಾರೆ. ಕರೆಂಟನ್ನು ಹೈಡ್ರೋಜನ್ ಮಾಡಿ, ಮತ್ತೆ ಕರೆಂಟ್ ಮಾಡುವಷ್ಟರಲ್ಲಿ ಅರ್ಧಕ್ಕಿಂತ ಜಾಸ್ತಿ ಸೋರಿಹೋಗಿರುತ್ತದೆ. ಉಕ್ಕು, ಗೊಬ್ಬರಕ್ಕೆ ಅದು ಬೇಕಾದೀತು. ಮನೆಯ ಬಲ್ಬಿಗೆ ಬೇಕಾ ಅನ್ನುವುದು ನನ್ನ ಅನುಮಾನ.

ಅದಕ್ಕೇ ಹೇಳುವುದು, ಗ್ರಿಡ್‌ನ ಮೊದಲ ಅರ್ಧವನ್ನು ಶುದ್ಧ ಮಾಡುವುದು ಈಗ ಅಗ್ಗ ಮತ್ತು ಸುಲಭ. ಕೊನೆಯ ಶೇ ಹತ್ತಿಪ್ಪತ್ತು ಭಾಗ ದುಬಾರಿ ಮತ್ತು ತಲೆನೋವು. "ಶೇ 100 ಸಾಧ್ಯವೇ ಇಲ್ಲ" ಎಂದು ಜಗಳ ಆಡುವವರು ಕೊನೆಯ ಭಾಗದ ಕಷ್ಟ ತೋರಿಸಿ ಮೊದಲ ಭಾಗದ ಕೆಲಸವನ್ನೂ ನಿಲ್ಲಿಸುತ್ತಾರೆ. "ಎಲ್ಲ ನಾಳೆಯೇ" ಅನ್ನುವವರು ಮೊದಲ ಭಾಗದ ಬೆಲೆ ತೋರಿಸಿ ಕೊನೆಯ ಭಾಗವೂ ಅಷ್ಟೇ ಅಗ್ಗ ಅನ್ನುತ್ತಾರೆ. ಎರಡೂ ತಪ್ಪು ಲೆಕ್ಕ.

ಬಿಲ್ ಯಾಕೆ ಇಳಿಯುತ್ತಿಲ್ಲ ಎಂದು ಕೇಳಿದ್ದೀರಿ. ಯುರೋಪಿನಂಥ ಮಾರುಕಟ್ಟೆಗಳಲ್ಲಿ ಆಯಾ ಹೊತ್ತಿನ ಬೇಡಿಕೆ ತುಂಬಿಸಲು ಕೊನೆಗೆ ಕರೆಯುವ, ಎಲ್ಲಕ್ಕಿಂತ ದುಬಾರಿ ಸ್ಥಾವರದ ದರವೇ ಎಲ್ಲರ ದರ. ಆ ಕೊನೆಯದು ಸಾಮಾನ್ಯವಾಗಿ ಅನಿಲ ಸ್ಥಾವರ. ಹಾಗಾಗಿ 2022ರಲ್ಲಿ ಯುಕ್ರೇನ್ ಯುದ್ಧದಿಂದ ಅನಿಲದ ಬೆಲೆ ಹಾರಿದಾಗ ಗಾಳಿಯಿಂದ ಬಂದ ಕರೆಂಟಿಗೂ ಅದೇ ದರ ಬಿತ್ತು. ಜೊತೆಗೆ ಬಿಲ್‌ನಲ್ಲಿ ತಂತಿ, ಕಂಬ, ಸಬ್‌ಸ್ಟೇಷನ್, ತೆರಿಗೆ ಎಲ್ಲ ಇರುತ್ತದೆ. ಗಾಳಿ ಬೀಸುವ ಕಡಲ ತೀರದಿಂದ ಕಾರ್ಖಾನೆ ಇರುವ ಊರಿಗೆ ಹೊಸ ಲೈನ್ ಎಳೆಯಬೇಕು, ಅದಕ್ಕೂ ದುಡ್ಡು.

ಆದರೆ ಯಾರೂ ಮಾತಾಡದ ಒಂದು ಖರ್ಚು ಬಡ್ಡಿ. ಕಲ್ಲಿದ್ದಲು ಸ್ಥಾವರಕ್ಕೆ ಪ್ರತಿ ತಿಂಗಳೂ ಇಂಧನ ಕೊಳ್ಳಬೇಕು. ಸೋಲಾರ್, ಗಾಳಿ, ಅಣು ಸ್ಥಾವರಗಳಲ್ಲಿ ಹೆಚ್ಚಿನ ಖರ್ಚು ಮೊದಲ ದಿನವೇ, ಅದೂ ಸಾಲದಲ್ಲಿ. 100 ರೂಪಾಯಿ ಸಾಲವನ್ನು 20 ವರ್ಷದಲ್ಲಿ ಸಮ ಕಂತಿನಲ್ಲಿ ತೀರಿಸುವುದಾದರೆ, ಶೇ 4 ಬಡ್ಡಿಗೆ ವರ್ಷಕ್ಕೆ ಸುಮಾರು 7 ರೂಪಾಯಿ 36 ಪೈಸೆ ಕಟ್ಟಬೇಕು. ಶೇ 10 ಬಡ್ಡಿಗೆ 11 ರೂಪಾಯಿ 75 ಪೈಸೆ. ಅದೇ ಪ್ಯಾನೆಲ್, ಅದೇ ಬಿಸಿಲು, ಆದರೆ ಕಂತು ಶೇ 60ರಷ್ಟು ಜಾಸ್ತಿ! ಬಡ ದೇಶಗಳಿಗೆ ಸಾಲ ಸಿಗುವುದೇ ದುಬಾರಿ ಬಡ್ಡಿಗೆ. ಬಿಸಿಲು ಧಾರಾಳವಾಗಿರುವ ಬಹಳ ದೇಶಗಳಲ್ಲಿ ಕಲ್ಲಿದ್ದಲು ಇನ್ನೂ ಗಟ್ಟಿಯಾಗಿ ಕೂತಿರುವುದಕ್ಕೆ ಇದೂ ಒಂದು ದೊಡ್ಡ ಕಾರಣ. ಹವಾಮಾನ ಸಮಾವೇಶಗಳಲ್ಲಿ ಗುರಿಗಳ ಬಗ್ಗೆ ಆಡುವ ಮಾತಿನ ಕಾಲು ಭಾಗ ಈ ಬಡ್ಡಿಯ ಬಗ್ಗೆ ಆಡಿದ್ದರೂ ಸಾಕಿತ್ತು ಅನಿಸುತ್ತದೆ ನನಗೆ.

ಅಣು ವಿದ್ಯುತ್ ಬಗ್ಗೆ ನನ್ನ ಅಭಿಪ್ರಾಯ ಎರಡು ಥರ. ಈಗಾಗಲೇ ಓಡುತ್ತಿರುವ, ಸುರಕ್ಷತೆಯ ತಪಾಸಣೆ ಪಾಸಾದ ಸ್ಥಾವರವನ್ನು ಕಲ್ಲಿದ್ದಲಿಗಿಂತ ಮೊದಲು ಮುಚ್ಚುವುದು ತಪ್ಪು. ಜಪಾನಿನ ಫುಕುಶಿಮಾ ಅಣು ಸ್ಥಾವರದ ಅವಘಡದ ನಂತರ ಜರ್ಮನಿ 2011ರಲ್ಲಿ ಅಣು ಸ್ಥಾವರಗಳನ್ನು ನಿಲ್ಲಿಸುವ ತೀರ್ಮಾನ ಮಾಡಿತು. ಕೊನೆಯ ಮೂರನ್ನು 2023ರ ಏಪ್ರಿಲ್ 15ರಂದು ಮುಚ್ಚಿತು. ಕಲ್ಲಿದ್ದಲಿಗೆ ಮಾತ್ರ 2038ರವರೆಗೆ ಸಮಯ ಕೊಟ್ಟಿತು. ಹವಾಮಾನವೇ ಮೊದಲ ಚಿಂತೆಯಾಗಿದ್ದರೆ ಈ ಸಾಲು ಉಲ್ಟಾ ಇರಬೇಕಿತ್ತು. ಅಪಾಯದ ಲೆಕ್ಕದಲ್ಲೂ ಅಷ್ಟೇ. ಒಂದೊಂದು ಯೂನಿಟ್ಟಿಗೆ ಲೆಕ್ಕ ಹಾಕಿದರೆ, ಚೆರ್ನೋಬಿಲ್ ಮತ್ತು ಫುಕುಶಿಮಾ ಸೇರಿಸಿಕೊಂಡರೂ, ಕಲ್ಲಿದ್ದಲಿನ ಹೊಗೆಗೆ ಸಾಯುವವರು ನೂರಾರು ಪಟ್ಟು ಜಾಸ್ತಿ. ಫುಕುಶಿಮಾದಲ್ಲಿ ವಿಕಿರಣಕ್ಕಿಂತ ಗಡಿಬಿಡಿಯ ಸ್ಥಳಾಂತರದಲ್ಲಿ ನಲುಗಿ ತೀರಿಕೊಂಡ ವಯಸ್ಸಾದವರೇ ಹೆಚ್ಚು. ಹೊಗೆಯ ಸಾವು ಸುದ್ದಿಯಾಗುವುದಿಲ್ಲ, ಅಷ್ಟೇ.

ಹೊಸದಾಗಿ ಕಟ್ಟುವುದು ಬೇರೆ ಕಥೆ. ಫ್ರಾನ್ಸ್ 1974ರಲ್ಲಿ ನಿರ್ಧಾರ ಮಾಡಿ, ಒಂದೇ ಬಗೆಯ ವಿನ್ಯಾಸಗಳನ್ನು ಸಾಲಾಗಿ ಕಟ್ಟಿ, ಹದಿನೈದು-ಇಪ್ಪತ್ತು ವರ್ಷದಲ್ಲಿ ತನ್ನ ಗ್ರಿಡ್ ಅನ್ನೇ ಬದಲಿಸಿತು. ಇವತ್ತಿಗೂ ಅಲ್ಲಿನ ಕರೆಂಟಿನಲ್ಲಿ ಸುಮಾರು ಮೂರನೇ ಎರಡು ಭಾಗ ಅಣುವಿನಿಂದಲೇ. ಆದರೆ ಅದೇ ಫ್ರಾನ್ಸ್ 2007ರಲ್ಲಿ ಶುರು ಮಾಡಿದ ಹೊಸ ರಿಯಾಕ್ಟರ್ ಫ್ಲಾಮನ್‌ವಿಲ್ 3 ಗ್ರಿಡ್‌ಗೆ ಸೇರಿದ್ದು 2024ರ ಡಿಸೆಂಬರ್‌ನಲ್ಲಿ. ಮುಗಿಯಬೇಕಿದ್ದದ್ದು 2012ಕ್ಕೆ. ಖರ್ಚು ಮೂರು ಪಟ್ಟಿಗೂ ಮೀರಿತು. ಕಟ್ಟುವ ಕೈಗಳು ಒಮ್ಮೆ ಚದುರಿದರೆ ಮತ್ತೆ ಕೂಡಿಸುವುದು ಕಷ್ಟ. ಇನ್ನು 2022ರಲ್ಲಿ ಪೈಪುಗಳಲ್ಲಿ ತುಕ್ಕಿನ ಬಿರುಕು ಕಂಡು ಫ್ರಾನ್ಸ್ ಹಲವು ರಿಯಾಕ್ಟರುಗಳನ್ನು ಒಟ್ಟಿಗೆ ನಿಲ್ಲಿಸಬೇಕಾಯಿತು. ಒಂದೇ ಅಚ್ಚಿನವಾದರೆ ತೊಂದರೆಯೂ ಒಂದೇ ಅಚ್ಚಿನದು. ಹಾಗಾಗಿ ಒಂದು ದೇಶ ಬರೀ ಒಂದೋ ಎರಡೋ ರಿಯಾಕ್ಟರ್ ಕಟ್ಟಿ ನೋಡೋಣ ಅಂದರೆ ನಾನು ಬೇಡ ಅನ್ನುತ್ತೇನೆ. ಎಂಟು-ಹತ್ತನ್ನು ಸಾಲಾಗಿ ಕಟ್ಟುವ ಧೈರ್ಯ, ದುಡ್ಡು, ಜನ ಇದ್ದರೆ ಮಾತಾಡಬಹುದು.

"ಕಲ್ಲಿದ್ದಲು ಬಿಡಲು ಆಗುವುದೇ ಇಲ್ಲ" ಅನ್ನುವವರಿಗೆ ಬ್ರಿಟನ್ ತೋರಿಸಿ. ಲಂಡನ್ನಿನ ಹಾಲ್ಬರ್ನ್‌ನಲ್ಲಿ 1882ರಲ್ಲಿ ಕಲ್ಲಿದ್ದಲಿನಿಂದ ಊರಿಗೆ ಕರೆಂಟ್ ಕೊಡಲು ಶುರು ಮಾಡಿದ ದೇಶ ಅದು. 2012ರಲ್ಲೂ ಅಲ್ಲಿನ ಕರೆಂಟಿನ ಸುಮಾರು ಶೇ 40 ಕಲ್ಲಿದ್ದಲಿನದೇ. 2024ರ ಸೆಪ್ಟೆಂಬರ್ 30ರಂದು ಕೊನೆಯ ಸ್ಥಾವರವಾದ ರಾಟ್‌ಕ್ಲಿಫ್ ಮುಚ್ಚಿತು. ಹನ್ನೆರಡೇ ವರ್ಷ. ಇದು ಆಗಿದ್ದು ಘೋಷಣೆಯಿಂದಲ್ಲ. 2013ರಿಂದ ವಿದ್ಯುತ್ ಸ್ಥಾವರಗಳ ಇಂಗಾಲಕ್ಕೆ ಒಂದು ಕನಿಷ್ಠ ದರ ಹಾಕಿದರು, ಕಲ್ಲಿದ್ದಲು ಅನಿಲಕ್ಕಿಂತ ದುಬಾರಿಯಾಯಿತು. ಕಡಲಿನಲ್ಲಿ ಗಾಳಿ ಗಿರಣಿಗಳಿಗೆ ಹದಿನೈದು ವರ್ಷದ ಖಚಿತ ದರ ಕೊಟ್ಟರು. ಹಳೆಯ ಸ್ಥಾವರಗಳಿಗೆ ಹೇಗೂ ವಯಸ್ಸಾಗಿತ್ತು. ಅನಿಲ ಸ್ಥಾವರಗಳು ಮೊದಲೇ ಇದ್ದವು, ಇದನ್ನು ಮರೆಯಬಾರದು. ಅನಿಲ ಇಲ್ಲದ, ಹೊಸ ಕಲ್ಲಿದ್ದಲು ಸ್ಥಾವರಗಳ ಸಾಲ ಇನ್ನೂ ತೀರದ ದೇಶಕ್ಕೆ ಇದೇ ವೇಗ ಬರುವುದಿಲ್ಲ. ಅಂಥ ಕಡೆ ಸ್ಥಾವರ ಕೆಡವುವುದಕ್ಕಿಂತ ಅದನ್ನು ಕಡಿಮೆ ಗಂಟೆ ಓಡಿಸುವುದು, ಇನ್ನೂ ಕೆಳಗೆ ಇಳಿಯುವಂತೆ ಬಾಯ್ಲರ್ ತಿದ್ದುವುದು ಮೊದಲ ಹೆಜ್ಜೆ. ಗಾಳಿಗೆ ಸೇರುವುದು ಉರಿಸಿದ ಕಲ್ಲಿದ್ದಲು, ಸುಮ್ಮನೆ ನಿಂತ ಚಿಮಣಿ ಅಲ್ಲ.

ಅನಿಲ ಕಲ್ಲಿದ್ದಲಿಗಿಂತ ಅರ್ಧ ಶುದ್ಧ ಅನ್ನುವುದು ಪೈಪಿನಲ್ಲಿ ಸೋರಿಕೆ ಕಡಿಮೆ ಇದ್ದರೆ ಮಾತ್ರ. ಸೋರಿದ ಮೀಥೇನ್ ಮೊದಲ ಇಪ್ಪತ್ತು ವರ್ಷದಲ್ಲಿ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 80 ಪಟ್ಟು ಜಾಸ್ತಿ ಬಿಸಿ ಹಿಡಿಯುತ್ತದೆ. ಸೋರಿಕೆ ಮುಚ್ಚುವುದು ಈ ಇಡೀ ಪಟ್ಟಿಯಲ್ಲೇ ಅಗ್ಗದ ಕೆಲಸಗಳಲ್ಲಿ ಒಂದು. ಅದಕ್ಕೆ ಯಾರೂ ರಿಬ್ಬನ್ ಕತ್ತರಿಸುವುದಿಲ್ಲ, ಆದ್ದರಿಂದ ನಿಧಾನ.

ತೆರಿಗೆಯ ಬಗ್ಗೆ ಒಂದು ಎಚ್ಚರಿಕೆ. ಇಂಗಾಲಕ್ಕೆ ತೆರಿಗೆ ಹಾಕಿದರೆ ಎಲ್ಲ ತಾನಾಗಿಯೇ ಸರಿಹೋಗುತ್ತದೆ ಅನ್ನುವ ಅರ್ಥಶಾಸ್ತ್ರಜ್ಞರು ಜನರ ಜೇಬನ್ನು ನೋಡುವುದಿಲ್ಲ. ಫ್ರಾನ್ಸಿನಲ್ಲಿ 2018ರ ನವೆಂಬರ್‌ನಲ್ಲಿ ಡೀಸೆಲ್ ತೆರಿಗೆಯ ವಿರುದ್ಧ ಹಳದಿ ಜಾಕೆಟ್ ಹಾಕಿಕೊಂಡು ಬೀದಿಗೆ ಬಂದವರಲ್ಲಿ ಬಹಳ ಮಂದಿ ಬಸ್ಸು, ಮೆಟ್ರೋ ಇಲ್ಲದ ಸಣ್ಣ ಊರುಗಳವರು. ಕಾರು ಬಿಟ್ಟರೆ ಕೆಲಸಕ್ಕೆ ಹೋಗಲು ಅವರಿಗೆ ಬೇರೆ ದಾರಿ ಇರಲಿಲ್ಲ. ಮುಂದಿನ ತಿಂಗಳೇ ಸರ್ಕಾರ ಹಿಂದೆ ಸರಿಯಿತು. ಕೆನಡಾ ಬುದ್ಧಿವಂತಿಕೆ ಮಾಡಿ ತೆರಿಗೆಯ ಹೆಚ್ಚಿನ ಪಾಲನ್ನು ಮನೆಮನೆಯ ಬ್ಯಾಂಕ್ ಖಾತೆಗೆ ವಾಪಸ್ ಹಾಕಿತು. ಆದರೂ 2025ರ ಏಪ್ರಿಲ್ 1ರಿಂದ ಗ್ರಾಹಕರ ಮೇಲಿನ ಆ ತೆರಿಗೆಯನ್ನು ಕೈಬಿಡಬೇಕಾಯಿತು. ಪೆಟ್ರೋಲ್ ಬಂಕಿನಲ್ಲಿ ಕೊಡುವ ದುಡ್ಡು ವಾರವಾರ ಕಣ್ಣಿಗೆ ಬೀಳುತ್ತದೆ. ಮೂರು ತಿಂಗಳಿಗೊಮ್ಮೆ ಖಾತೆಗೆ ಬಂದು ಬೀಳುವ ದುಡ್ಡು ಯಾವುದರದ್ದು ಅಂತಲೇ ಎಷ್ಟೋ ಜನಕ್ಕೆ ಗೊತ್ತಿರಲಿಲ್ಲ. ಸ್ವೀಡನ್‌ನಲ್ಲಿ 1991ರಿಂದ ಇಂಥ ತೆರಿಗೆ ನಿಂತಿದೆ. ಅಲ್ಲಿ ಮನೆ ಬಿಸಿ ಮಾಡಲು ಎಣ್ಣೆಯ ಬದಲು ಬೇರೆ ದಾರಿಯನ್ನು ಜೊತೆಜೊತೆಗೇ ಕೊಟ್ಟಿದ್ದರು. ಬದಲಿ ಇಲ್ಲದ ಕಡೆ ತೆರಿಗೆ ಹಾಕಿದರೆ ಅದು ಬರೀ ದಂಡವಾಗುತ್ತದೆ.

ಇನ್ನು ನಿಮ್ಮ ಕೊನೆಯ ಪ್ರಶ್ನೆ, ಒಂದು ದೇಶ ಮಾತ್ರ ಕಷ್ಟಪಟ್ಟು ಏನು ಬಂತು? ಹೊಗೆಯ ಲೆಕ್ಕ ಮಾತ್ರ ನೋಡಿದರೆ ಚಿಕ್ಕ ದೇಶದ ಪಾಲು ನಗಣ್ಯವೇ. ಆದರೆ ಜರ್ಮನಿ 2000ದಲ್ಲಿ ಕಾನೂನು ಮಾಡಿ ಸೋಲಾರ್‌ಗೆ ದುಬಾರಿ ದರ ಕೊಟ್ಟಾಗ ಅದು ಕೊಂಡಿದ್ದು ಕರೆಂಟ್ ಮಾತ್ರ ಅಲ್ಲ. ಆ ಬೇಡಿಕೆಗೆ ಚೀನಾದಲ್ಲಿ ಕಾರ್ಖಾನೆಗಳು ಎದ್ದವು. ಒಟ್ಟು ಉತ್ಪಾದನೆ ದುಪ್ಪಟ್ಟಾದಾಗಲೆಲ್ಲ ಪ್ಯಾನೆಲ್ ಬೆಲೆ ಸುಮಾರು ಶೇ 20 ಇಳಿಯುತ್ತಾ ಬಂತು. ಮೋಡದ ದೇಶದ ಜನ ಕಟ್ಟಿದ ಬಿಲ್ಲಿನ ಲಾಭ ಬಿಸಿಲಿನ ದೇಶಗಳಿಗೆ ಸಿಕ್ಕಿತು. ಜರ್ಮನರಿಗೆ ಇದು ಒಳ್ಳೆಯ ವ್ಯಾಪಾರವಾಗಿತ್ತಾ ಅಂದರೆ ಇಲ್ಲ. ಪ್ರಪಂಚಕ್ಕೆ ಆಗಿತ್ತು.

ಅದರ ಫಲ ನೋಡಬೇಕಾದರೆ ಪಾಕಿಸ್ತಾನ ನೋಡಿ. 2024ರಲ್ಲಿ ಆ ದೇಶ ಸುಮಾರು 17,000 ಮೆಗಾವ್ಯಾಟ್‌ನಷ್ಟು ಪ್ಯಾನೆಲ್ ತರಿಸಿಕೊಂಡಿತು. ಹವಾಮಾನದ ಚಿಂತೆಗೆ ಯಾರೂ ಹಾಗೆ ಮಾಡಲಿಲ್ಲ. ಗ್ರಿಡ್‌ನ ಕರೆಂಟ್ ವಿಪರೀತ ದುಬಾರಿಯಾಗಿತ್ತು, ಪ್ಯಾನೆಲ್ ಅಗ್ಗವಾಗಿತ್ತು, ಜನ ಮಾಳಿಗೆಗೆ ಹಾಕಿಸಿಕೊಂಡರು. ಹವೆಯ ಬಗ್ಗೆ ನಂಬಿಕೆ ಇಲ್ಲದ ನಿಮ್ಮ ಗೆಳೆಯನೂ ಆ ಜಾಗದಲ್ಲಿದ್ದರೆ ಅದನ್ನೇ ಮಾಡುತ್ತಿದ್ದ. ಆದರೆ ಅಲ್ಲಿಗೆ ಮುಗಿಯಲಿಲ್ಲ. ಪ್ಯಾನೆಲ್ ಹಾಕಿಸಿಕೊಂಡವರು ಗ್ರಿಡ್‌ನಿಂದ ಕಡಿಮೆ ಕೊಳ್ಳುತ್ತಾರೆ. ಸ್ಥಾವರಗಳಿಗೆ ಓಡಿದರೂ ಓಡದಿದ್ದರೂ ಕಟ್ಟಲೇಬೇಕಾದ ದುಡ್ಡು ಹಾಗೇ ಇದೆ. ಅದು ಈಗ ಮಾಳಿಗೆಯೇ ಇಲ್ಲದವರ, ಬಾಡಿಗೆ ಮನೆಯವರ ಬಿಲ್ ಮೇಲೆ ಬೀಳುತ್ತಿದೆ. ಮುಂದಿನ ಸಲ ನಿಮ್ಮ ಗುಂಪಿನಲ್ಲಿ ಮಾತು ಬಂದಾಗ ಇಬ್ಬರನ್ನೂ ಈ ಬಾಡಿಗೆ ಮನೆಯವನ ಬಿಲ್ ಬಗ್ಗೆ ಕೇಳಿ.